ಜಿಂಕೆಯ ಮೈಯಲ್ಲಿ ಹುಳು ಕಂಡರೆ: ಯಾವ ನೊಣದ ಹುಳು, ಎಲ್ಲಿದೆ ಅನ್ನುವುದೇ ಮೊದಲ ಮಾತು

ಓದುಗರ ಪ್ರಶ್ನೆ: ಸತ್ತ ಜಿಂಕೆಯೊಂದರ ತಲೆ ಸೀಳಿದಾಗ ಗಂಟಲಿನ ಹಿಂಭಾಗದಲ್ಲಿ ದಪ್ಪ ದಪ್ಪ ಹುಳುಗಳು ಒತ್ತೊತ್ತಾಗಿ ಕೂತಿದ್ದ ಚಿತ್ರ ನೋಡಿದೆ. 2016ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕೀ ಜಿಂಕೆಗಳು ಹುಳು ಬಿದ್ದು ಸತ್ತ ಸುದ್ದಿಯನ್ನೂ ಓದಿದ್ದೆ. ಎರಡೂ ಒಂದೇ ನೊಣದ ಕೆಲಸವೇ? ಕಾಡು ಜಿಂಕೆಗಳಲ್ಲಿ ಇಂಥದ್ದು ಕಂಡರೆ ಔಷಧಿ ಕೊಡಬೇಕೇ, ಸುಮ್ಮನೆ ಬಿಡಬೇಕೇ? ಆ ಮಾಂಸ ತಿನ್ನಬಹುದೇ? ಮನುಷ್ಯರಿಗೂ ಬರುತ್ತದೆಯೇ?

ಉತ್ತರ:

ಒಂದೇ ನೊಣ ಅಲ್ಲ. ನೀವು ಚಿತ್ರದಲ್ಲಿ ನೋಡಿದ್ದು ಬಾಟ್ ನೊಣದ ಮರಿಹುಳು. ಅದು ಜಿಂಕೆಯ ಜತೆಗೇ ಲಕ್ಷಾಂತರ ವರ್ಷಗಳಿಂದ ಬಾಳಿಕೊಂಡು ಬಂದದ್ದು. ತಿಂಗಳುಗಟ್ಟಲೆ ಜಿಂಕೆಯೊಳಗೇ ಇದ್ದು ಬಲಿಯಬೇಕಾದ್ದರಿಂದ, ಜಿಂಕೆ ನಡುವೆ ಸತ್ತರೆ ಅದೂ ಸಾಯುತ್ತದೆ. ಕೀ ಜಿಂಕೆಗಳನ್ನು ಕೊಂದದ್ದು ಸ್ಕ್ರೂವರ್ಮ್. ಅದು ಗಾಯಕ್ಕೆ ಬಿದ್ದು ಜೀವಂತ ಮಾಂಸವನ್ನೇ ತಿನ್ನುತ್ತದೆ, ವಾರದೊಳಗೆ ಹೊಟ್ಟೆ ತುಂಬಿಸಿಕೊಂಡು ಮಣ್ಣಿಗೆ ಉದುರುತ್ತದೆ. ಆಮೇಲೆ ಜಿಂಕೆ ಉಳಿದರೂ ಅಳಿದರೂ ಅದಕ್ಕೆ ಏನೂ ಆಗಬೇಕಿಲ್ಲ. ಮೊದಲನೆಯದನ್ನು ಕಂಡರೆ ಬಹುಪಾಲು ಸಲ ಬರೆದಿಟ್ಟುಕೊಂಡು ಸುಮ್ಮನಿರುವುದೇ ಸರಿ. ಎರಡನೆಯದನ್ನು ಕಂಡರೆ ಅದೇ ದಿನ ಪಶುವೈದ್ಯ ಇಲಾಖೆಗೆ ತಿಳಿಸಬೇಕು.

ಹಾಗಾಗಿ ಹುಳು ಕಂಡ ಕೂಡಲೇ ಕೇಳಬೇಕಾದ್ದು ಒಂದೇ: ಎಲ್ಲಿದೆ? ಮೂಗು-ಗಂಟಲಿನೊಳಗೆ ಇದ್ದರೆ ಬಾಟ್. ಬೆನ್ನಿನ ಚರ್ಮದಡಿ, ಒಂದೊಂದು ಗಂಟಿಗೆ ಒಂದೊಂದು ತೂತಿನಂತೆ ಇದ್ದರೆ ವಾರ್ಬಲ್. ತೆರೆದ ಗಾಯದೊಳಗೆ ತಲೆ ಕೆಳಗಾಗಿ ಕಚ್ಚಿಕೊಂಡಿದ್ದರೆ ಸ್ಕ್ರೂವರ್ಮ್ ಎಂದೇ ಎಣಿಸಿ ಮುಂದುವರಿಯಬೇಕು. ರೋಮದ ನಡುವೆ ಚಪ್ಪಟೆಯಾಗಿ ಹರಿದಾಡುತ್ತಿದ್ದರೆ ಅದು ಮರಿಹುಳುವಲ್ಲ, ರೆಕ್ಕೆ ಕಳಚಿದ, ಪೂರ್ತಿ ಬೆಳೆದ ನೊಣವೇ. ಅದಕ್ಕೆ ಡಿಯರ್ ಕೆಡ್ ಎನ್ನುತ್ತಾರೆ. ಸತ್ತು ಎರಡು ಮೂರು ದಿನವಾದ ಜಿಂಕೆಯ ಕಣ್ಣು, ಬಾಯಿ, ಗುದದ ಸುತ್ತ ಗಿಜಿಗುಟ್ಟುವ ಹುಳುಗಳನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವು ಹೆಣಕ್ಕೆ ಬರುವ ಸಾಮಾನ್ಯ ನೊಣದ ಮರಿಗಳು. ಸಾವಿಗೆ ಕಾರಣ ಹುಡುಕುವವರು ಎಡವುವುದು ಹೆಚ್ಚಾಗಿ ಇಲ್ಲೇ.

ಮೂಗು-ಗಂಟಲಿನ ಬಾಟ್

ಇವು ಸೆಫೆನೆಮಿಯಾ ಎಂಬ ಕುಲದವು. ಯೂರೋಪಿನ ರೋ ಜಿಂಕೆಗೆ ಸೆಫೆನೆಮಿಯಾ ಸ್ಟಿಮ್ಯುಲೇಟರ್, ಕೆಂಪು ಜಿಂಕೆಗೆ ಸೆಫೆನೆಮಿಯಾ ಆರಿಬಾರ್ಬಿಸ್, ಮೂಸ್ ಎಂಬ ಭಾರಿ ಗಾತ್ರದ ಜಿಂಕೆಗೆ ಸೆಫೆನೆಮಿಯಾ ಉಲ್ರಿಚಿಯೈ, ಹಿಮಸಾರಂಗಕ್ಕೆ ಸೆಫೆನೆಮಿಯಾ ಟ್ರಾಂಪೆ, ಹೀಗೆ ಹೆಚ್ಚುಕಡಿಮೆ ಒಂದೊಂದು ಜಾತಿಯ ಜಿಂಕೆಗೆ ಒಂದೊಂದು. ಕೆಂಪು ಜಿಂಕೆಯಲ್ಲಿ ಇದರ ಜತೆಗೆ ಫ್ಯಾರಿಂಗೋಮಿಯಾ ಪಿಕ್ಟಾ ಎಂಬ ಇನ್ನೊಂದು ಕುಲದ ನೊಣವೂ ಅದೇ ಗಂಟಲಲ್ಲಿ ಬೆಳೆಯುತ್ತದೆ.

ಹೆಣ್ಣು ನೊಣ ನೋಡಲು ಹೆಜ್ಜೇನಿಗಿಂತ ತುಸು ದಪ್ಪ, ಮೈತುಂಬ ರೋಮ. ಅದು ಮೊಟ್ಟೆ ಇಡುವುದಿಲ್ಲ. ಮೊಟ್ಟೆ ಹೊಟ್ಟೆಯಲ್ಲೇ ಒಡೆದು ಮರಿಯಾಗಿರುತ್ತದೆ. ಹಾರುತ್ತಲೇ ಜಿಂಕೆಯ ಮೂತಿಯ ಹತ್ತಿರ ಬಂದು, ಒಂದು ಹನಿ ದ್ರವದಲ್ಲಿ ತೇಲುವ ಮರಿಗಳ ಗುಂಪನ್ನು ಮೂಗಿನ ಹೊಳ್ಳೆ, ತುಟಿಗಳ ಮೇಲೆ ಚಿಮುಕಿಸಿ ಹೋಗುತ್ತದೆ. ಆಗ ಮರಿಯ ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಬರಿಗಣ್ಣಿಗೆ ಬಿಳಿಯ ಧೂಳಿನ ಕಣದಂತೆ ಕಾಣುತ್ತದೆ. ಬಾಯಿಯ ಕೊಕ್ಕೆಗಳಿಂದ ಲೋಳೆಪೊರೆಯನ್ನು ಹಿಡಿಯುತ್ತ ಮೂಗಿನೊಳಗೆ ಹತ್ತಿ, ಮೂಗಿನ ಒಳಸುರುಳಿಗಳಲ್ಲಿ ಅಡಗುತ್ತದೆ. ಚಳಿಗಾಲವಿಡೀ ಬಹುತೇಕ ಬೆಳೆಯದೆ ಅಲ್ಲೇ ಇರುತ್ತದೆ. ವಸಂತ ಹತ್ತಿರವಾದಂತೆ ಕೆಳಗಿಳಿದು ಗಂಟಲಿನ ಹಿಂಬದಿಯ ಚೀಲದಂಥ ಜಾಗಕ್ಕೆ ಬಂದು ರಭಸದಿಂದ ಬೆಳೆಯುತ್ತದೆ. ಬಲಿತ ಹುಳು 25ರಿಂದ 40 ಮಿ.ಮೀ. ಉದ್ದವಿರುತ್ತದೆ. ಹಳದಿ ಮಿಶ್ರಿತ ಬಿಳಿ ಬಣ್ಣ, ಮೈ ಸುತ್ತ ಸಾಲುಸಾಲಾಗಿ ಸಣ್ಣ ಮುಳ್ಳು, ಹಿಂತುದಿಯಲ್ಲಿ ಉಸಿರಾಡುವ ಎರಡು ಕಪ್ಪು ಫಲಕ. ನೀವು ನೋಡಿದ ಚಿತ್ರ ಈ ಹಂತದ್ದೇ.

ಬಲಿತ ಮೇಲೆ ಜಿಂಕೆ ಸೀನಿದಾಗಲೋ ಕೆಮ್ಮಿದಾಗಲೋ ಹೊರಬಿದ್ದು ಮಣ್ಣಿಗೆ ಇಳಿದು ಕೋಶ ಕಟ್ಟುತ್ತದೆ. ಕೆಲವು ವಾರಗಳಲ್ಲಿ ನೊಣ ಹೊರಬರುತ್ತದೆ. ಆ ನೊಣಕ್ಕೆ ತಿನ್ನುವ ಬಾಯಿಯೇ ಇಲ್ಲ. ಮರಿಯಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಅದರ ಮಿಕ್ಕ ಆಯುಷ್ಯವೆಲ್ಲ. ಗಂಡುಗಳು ಗುಡ್ಡದ ನೆತ್ತಿಯಂಥ ಎತ್ತರದ ಜಾಗಗಳಲ್ಲಿ ಸೇರಿ ಹೆಣ್ಣಿಗಾಗಿ ಕಾಯುತ್ತವೆ.

ಈ ನೊಣದ ವೇಗದ ಬಗ್ಗೆ ಒಂದು ಹಳೆಯ ತಪ್ಪು ಇನ್ನೂ ಸುತ್ತಾಡುತ್ತಿದೆ, ಅದನ್ನು ಇಲ್ಲೇ ತಿದ್ದಿಬಿಡುವುದು ಒಳ್ಳೆಯದು. 1927ರಲ್ಲಿ ಚಾರ್ಲ್ಸ್ ಟೌನ್ಸೆಂಡ್ ಎಂಬ ಕೀಟತಜ್ಞರು ಸೆಫೆನೆಮಿಯಾ ಸೆಕೆಂಡಿಗೆ 400 ಗಜ, ಅಂದರೆ ಗಂಟೆಗೆ ಸುಮಾರು 1,300 ಕಿ.ಮೀ. ಹಾರುತ್ತದೆ ಎಂದು ಬರೆದರು. 1938ರಲ್ಲಿ ನೊಬೆಲ್ ಪುರಸ್ಕೃತ ರಸಾಯನಶಾಸ್ತ್ರಜ್ಞ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಲೆಕ್ಕ ಹಾಕಿ, ಅಷ್ಟು ವೇಗಕ್ಕೆ ನೊಣ ಪ್ರತಿ ಸೆಕೆಂಡಿಗೆ ತನ್ನ ತೂಕದ ಒಂದೂವರೆ ಪಟ್ಟು ಆಹಾರ ಸುಡಬೇಕಾಗುತ್ತದೆ, ಗಾಳಿಯ ಒತ್ತಡಕ್ಕೆ ತಲೆಯೇ ಜಜ್ಜಿಹೋಗುತ್ತದೆ ಎಂದು ತೋರಿಸಿದರು. ಅವರ ಅಂದಾಜಿನಲ್ಲಿ ನಿಜವಾದ ವೇಗ ಗಂಟೆಗೆ 40 ಕಿ.ಮೀ. ಸುಮಾರು. ಜಿಂಕೆಯನ್ನು ಬೆನ್ನಟ್ಟಲು ಅದು ಸಾಕು.

ಜಿಂಕೆಗೆ ಇದರಿಂದ ತೊಂದರೆ ಇಲ್ಲವೆಂದಲ್ಲ. ಬೇಸಗೆಯ ಬಿಸಿಲಿನಲ್ಲಿ ನೊಣದ ಸದ್ದು ಕೇಳಿದರೆ ಹಿಂಡು ಮೇವು ಬಿಟ್ಟು ಓಡುತ್ತದೆ, ಇಲ್ಲವೇ ಮೂತಿಯನ್ನು ನೆಲಕ್ಕೆ ಒತ್ತಿ ನಿಲ್ಲುತ್ತದೆ. ಹಿಮಸಾರಂಗಗಳು ಕರಗದೆ ಉಳಿದ ಹಿಮದ ಮೇಲೋ ಗಾಳಿ ಬೀಸುವ ದಿಣ್ಣೆಯ ಮೇಲೋ ಒತ್ತೊತ್ತಾಗಿ ನಿಲ್ಲುತ್ತವೆ, ಏಕೆಂದರೆ ತಂಪಿನಲ್ಲಿ, ಜೋರು ಗಾಳಿಯಲ್ಲಿ ಈ ನೊಣ ಹಾರುವುದಿಲ್ಲ. ಚಳಿಗಾಲಕ್ಕೆ ಕೊಬ್ಬು ಕೂಡಿಸಬೇಕಾದ ಹೊತ್ತು ಹೀಗೆ ಓಡುವುದರಲ್ಲಿ, ನಿಲ್ಲುವುದರಲ್ಲಿ ಕಳೆಯುತ್ತದೆ. ಗಂಟಲಿನಲ್ಲಿ ಕೂತ ಹುಳುವಿಗಿಂತ ಈ ಕಳೆದ ಮೇವಿನ ನಷ್ಟವೇ ದೊಡ್ಡದಾಗುವ ವರ್ಷಗಳುಂಟು.

ಹುಳು ಬಲಿಯುವ ವಸಂತದಲ್ಲಿ ಸೀನು, ಕೆಮ್ಮು, ತಲೆ ಕೊಡವುವುದು, ಗೊರಗೊರ ಉಸಿರು ಕಾಣುತ್ತದೆ. ಒಂದು ಜಿಂಕೆಯಲ್ಲಿ ಬೆರಳೆಣಿಕೆಯಿಂದ ಕೆಲವು ಡಜನ್‌ವರೆಗೆ ಹುಳುಗಳಿದ್ದರೆ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಸಾವು ಬರುವುದು ಹೆಚ್ಚಾಗಿ ಎಳೆಯ ಅಥವಾ ಮೊದಲೇ ಸೊರಗಿದ ಜಿಂಕೆಗಳಿಗೆ. ಬಲಿತ ಹುಳುಗಳು ಉಸಿರಿನ ದಾರಿಯನ್ನೇ ಮುಚ್ಚಿಬಿಡುತ್ತವೆ, ಇಲ್ಲವೇ ಒಂದೆರಡು ಶ್ವಾಸನಾಳಕ್ಕೆ ಜಾರಿ ನ್ಯುಮೋನಿಯಾ ಆಗುತ್ತದೆ. ಇಲ್ಲೊಂದು ಎಚ್ಚರಿಕೆ. ಕೆಮ್ಮುವ ಜಿಂಕೆಗಳಿಗೆಲ್ಲ ಬಾಟ್ ಕಾರಣವಲ್ಲ, ಶ್ವಾಸಕೋಶದ ಹುಳುವಿನಿಂದಲೂ ಕೆಮ್ಮು ಬರುತ್ತದೆ. ಜೊಲ್ಲು ಸುರಿಸುತ್ತ, ಮನುಷ್ಯರಿಗೆ ಹೆದರದೆ, ಸೊರಗಿ ತೂರಾಡುವ ಜಿಂಕೆ ಕಂಡರೆ ರೇಬೀಸ್ ಇಲ್ಲವೇ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ (ಜಿಂಕೆಗಳ ಮಿದುಳು ಕೆಡಿಸಿ, ಸೊರಗಿಸಿ ಕೊಲ್ಲುವ ಅಂಟುರೋಗ) ಮನಸ್ಸಿನಲ್ಲಿರಬೇಕು. ಗಂಟಲಲ್ಲಿ ನಾಲ್ಕು ಹುಳು ಸಿಕ್ಕಿತೆಂದು ಅದನ್ನೇ ಸಾವಿನ ಕಾರಣವೆಂದು ಬರೆದರೆ ನಿಜವಾದ ರೋಗ ಕೈತಪ್ಪಿ ಹೋಗುತ್ತದೆ.

ಬೆನ್ನಿನ ಗಂಟು, ರೋಮದ ನೊಣ

ವಾರ್ಬಲ್ ನೊಣ ಹೈಪೋಡರ್ಮಾ ಕುಲದ್ದು. ರೋ ಜಿಂಕೆಯಲ್ಲಿ ಹೆಚ್ಚಾಗಿ ಹೈಪೋಡರ್ಮಾ ಡಯಾನಾ, ಕೆಂಪು ಜಿಂಕೆಯಲ್ಲಿ ಹೈಪೋಡರ್ಮಾ ಆಕ್ಟಿಯಾನ್, ಹಿಮಸಾರಂಗದಲ್ಲಿ ಹೈಪೋಡರ್ಮಾ ಟರಾಂಡಿ. ಇದು ರೋಮಕ್ಕೆ ಮೊಟ್ಟೆ ಅಂಟಿಸುತ್ತದೆ. ಕೆಲವೇ ದಿನಗಳಲ್ಲಿ ಮರಿ ಹೊರಬಂದು ಚರ್ಮ ಕೊರೆದು ಒಳನುಗ್ಗಿ, ಕೊನೆಗೆ ಬೆನ್ನಿನ ಚರ್ಮದಡಿ ನೆಲೆಯಾಗುತ್ತದೆ. ಅಲ್ಲಿ ಉಸಿರಾಡಲು ಚರ್ಮದಲ್ಲಿ ಒಂದು ತೂತು ಮಾಡಿಕೊಳ್ಳುತ್ತದೆ. ವಸಂತದಿಂದ ಬೇಸಗೆಯ ಹೊತ್ತಿಗೆ ಅದೇ ತೂತಿನಿಂದ ಹೊರಬಿದ್ದು ಮಣ್ಣು ಸೇರುತ್ತದೆ. ಚರ್ಮ ಸುಲಿದಾಗ ಒಳಬದಿಯಲ್ಲಿ ತೆಳು ಚೀಲಗಳು, ಅವುಗಳ ಸುತ್ತ ಹಳದಿ-ಹಸಿರು ಲೋಳೆ ಕಂಡರೆ ಅದು ಇದೇ. ಚೀಲವನ್ನು ಒತ್ತಿ ಒಡೆಯಬೇಡಿ. ಹುಳು ಚರ್ಮದಡಿಯಲ್ಲೇ ಒಡೆದರೆ ಬದುಕಿರುವ ಪ್ರಾಣಿಯಲ್ಲಿ ಜೋರು ಊತ, ಅಲರ್ಜಿ ಆಗಬಹುದು.

ದನಗಳ ವಾರ್ಬಲ್ ನೊಣವನ್ನು ಬ್ರಿಟನ್‌ನಂಥ ಕಡೆ ಪೂರ್ತಿ ತೊಡೆದುಹಾಕಿದ್ದಾರೆ, ಹಾಗಾದರೆ ಜಿಂಕೆಗಳಲ್ಲಿ ಏಕಾಗದು ಎಂದು ಕೇಳುವವರಿದ್ದಾರೆ. ದನಗಳಲ್ಲಿ ಅದು ಸಾಧ್ಯವಾದದ್ದು ಪ್ರತಿ ದನವೂ ಕೈಗೆ ಸಿಗುತ್ತದೆ, ದನದ ನೊಣ ಜಿಂಕೆಯಲ್ಲಿ ಬಲಿಯುವುದಿಲ್ಲ ಎಂಬ ಎರಡು ಕಾರಣಕ್ಕೆ. ನೊಣ ಅಡಗಿಕೊಳ್ಳಲು ಕಾಡಿನಲ್ಲಿ ಬೇರೆ ಜಾಗವೇ ಇರಲಿಲ್ಲ. ಕಾಡು ಜಿಂಕೆಯ ವಿಷಯದಲ್ಲಿ ಆ ಮೊದಲ ಅನುಕೂಲವೇ ಇಲ್ಲ.

ಡಿಯರ್ ಕೆಡ್ ಅಂದರೆ ಲಿಪಾಪ್ಟೆನಾ ಸರ್ವಿ, ರಕ್ತ ಹೀರುವ ನೊಣ. 5-6 ಮಿ.ಮೀ. ಉದ್ದ, ಚಪ್ಪಟೆ ಮೈ, ಬೆರಳಲ್ಲಿ ಒತ್ತಿದರೆ ಸಾಯದಷ್ಟು ಗಟ್ಟಿ. ಜಿಂಕೆಯ ಮೇಲೆ ಕೂತ ಕೂಡಲೇ ರೆಕ್ಕೆ ಉದುರಿಸಿಕೊಳ್ಳುವುದರಿಂದ ಬಹಳ ಜನ ಇದನ್ನು ಉಣ್ಣಿ ಎಂದುಕೊಳ್ಳುತ್ತಾರೆ. ಕಾಲು ಎಣಿಸಿ: ಬೆಳೆದ ಉಣ್ಣಿಗೆ ಎಂಟು, ಇದಕ್ಕೆ ಆರು. ಸಾಮಾನ್ಯ ಜಿಂಕೆಗೆ ಇದು ಕಿರಿಕಿರಿಯಷ್ಟೆ. ಆದರೆ ಉತ್ತರ ಯೂರೋಪಿನ ಮೂಸ್‌ಗಳ ಮೇಲೆ ಒಂದೊಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಿಕ್ಕಿರುವುದುಂಟು. ನಾರ್ವೆ, ಸ್ವೀಡನ್ ಗಡಿಭಾಗದಲ್ಲಿ 2006-07ರಲ್ಲಿ ಮೂಸ್‌ಗಳು ರೋಮ ಉದುರಿ, ಚಳಿಗೆ ಸಿಕ್ಕಿ ಸತ್ತಾಗ ಮೈಮೇಲೆ ಕಂಡದ್ದು ಇದರದೇ ದಂಡು.

ಸ್ಕ್ರೂವರ್ಮ್

ಈಗ ನಿಜವಾದ ಅಪಾಯಕ್ಕೆ ಬರೋಣ. ಅಮೆರಿಕ ಖಂಡಗಳಲ್ಲಿರುವುದು ಕಾಕ್ಲಿಯೋಮಿಯಾ ಹೋಮಿನಿವೊರಾಕ್ಸ್. ಆಫ್ರಿಕಾ, ಏಷ್ಯಾಗಳಲ್ಲಿರುವುದು ಕ್ರೈಸೋಮಿಯಾ ಬೆಝಿಯಾನಾ. ಕುಲ ಬೇರೆಯಾದರೂ ಕಸುಬು ಒಂದೇ. ಹೆಣ್ಣು ನೊಣಕ್ಕೆ ತಾಜಾ ಗಾಯ ಬೇಕು. ಉಣ್ಣಿ ಕಚ್ಚಿದ ಚುಕ್ಕೆಯಷ್ಟು ಗಾಯವಾದರೂ ಸಾಕು. ಗಾಯದ ಅಂಚಿನಲ್ಲಿ ಹೆಂಚು ಹೊದಿಸಿದಂತೆ ಸಾಲಾಗಿ 200-300 ಮೊಟ್ಟೆ ಅಂಟಿಸುತ್ತದೆ. 12ರಿಂದ 24 ಗಂಟೆಯಲ್ಲಿ ಮರಿ ಹೊರಬಂದು ಗಾಯದೊಳಕ್ಕೆ ಕೊರೆಯುತ್ತದೆ, 5ರಿಂದ 7 ದಿನ ತಿನ್ನುತ್ತದೆ, ಆಮೇಲೆ ಉದುರಿ ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ಬೆಚ್ಚಗಿದ್ದರೆ ಒಂದು ವಾರದಲ್ಲಿ, ತಂಪಿದ್ದರೆ ಎರಡು ತಿಂಗಳವರೆಗೂ ಎಳೆದು, ನೊಣ ಹೊರಬರುತ್ತದೆ. ಗಾಯದ ವಾಸನೆಗೆ ಇನ್ನಷ್ಟು ಹೆಣ್ಣು ನೊಣಗಳು ಬಂದು ಅದೇ ಗಾಯಕ್ಕೆ ಮೊಟ್ಟೆ ಇಡುತ್ತವೆ. ಗಾಯ ತಾನಾಗಿ ಮಾಯದೆ ದಿನದಿನಕ್ಕೆ ದೊಡ್ಡದಾಗುವುದು ಇದರಿಂದಲೇ. ಚಿಕಿತ್ಸೆ ಸಿಗದ ಪ್ರಾಣಿ ಒಂದೆರಡು ವಾರದಲ್ಲಿ ಸಾಯುತ್ತದೆ.

ಸಾಮಾನ್ಯ ಹೆಣದ ನೊಣದ ಹುಳು ಸತ್ತ ಮಾಂಸ, ಕೀವು ತಿನ್ನುತ್ತ ಗಾಯದ ಮೇಲ್ಮೈಯಲ್ಲೇ ಹರಿದಾಡುತ್ತದೆ, ಕೆದಕಿದರೆ ಚೆಲ್ಲಾಪಿಲ್ಲಿಯಾಗುತ್ತದೆ. ಸ್ಕ್ರೂವರ್ಮ್ ಕೆದಕಿದಷ್ಟೂ ಒಳಕ್ಕೆ ತಿರುಚಿಕೊಳ್ಳುತ್ತದೆ. ಗಾಯದ ಬಾಯಿ ಚಿಕ್ಕದು, ಒಳಗೆ ಗುಳಿ ದೊಡ್ಡದು. ಒಳಗೆ ಇಣುಕಿದರೆ ಹುಳುಗಳ ಹಿಂತುದಿಗಳು ಮಾತ್ರ ಒತ್ತಾಗಿ ಜೋಡಿಸಿಟ್ಟಂತೆ ಕಾಣುತ್ತವೆ. ರಕ್ತ ಬೆರೆತ ನೀರು ಒಸರುತ್ತಿರುತ್ತದೆ, ಒಂದು ಬಗೆಯ ಗಾಢ ದುರ್ವಾಸನೆ ಇರುತ್ತದೆ. ಬಲಿತ ಹುಳುವನ್ನು ತೆಗೆದು ಬೆಳಕಿಗೆ ಹಿಡಿದರೆ, ಅಮೆರಿಕದ ಜಾತಿಯಲ್ಲಿ ಹಿಂಭಾಗದ ಮೂರು ನಾಲ್ಕು ಖಂಡಗಳ ಉದ್ದಕ್ಕೂ ಎರಡು ಕಪ್ಪು ಗೆರೆಗಳು ಚರ್ಮದೊಳಗಿಂದ ಕಾಣುತ್ತವೆ. ಅವು ಉಸಿರು ಕೊಳವೆಗಳು. ಹೊಲದಲ್ಲಿ ನಿಂತೇ ಗುರುತು ಹಿಡಿಯಲು ಇದಕ್ಕಿಂತ ಒಳ್ಳೆಯ ಕುರುಹು ಇಲ್ಲ.

ಜಿಂಕೆಗಳಲ್ಲಿ ಗಾಯ ಎಲ್ಲಿಂದ ಬರುತ್ತದೆ ಎನ್ನುವುದರ ಮೇಲೆ ಯಾರು ಸಾಯುತ್ತಾರೆ ಎಂಬುದು ನಿಂತಿದೆ. ಬೆದೆಗಾಲದಲ್ಲಿ ಗಂಡುಗಳು ಕೊಂಬು ತಾಗಿಸಿ ಕಾದಾಡಿ ತಲೆ, ಕತ್ತಿಗೆ ಗಾಯ ಮಾಡಿಕೊಳ್ಳುತ್ತವೆ. ತಲೆಯ ಗಾಯವನ್ನು ಜಿಂಕೆ ನೆಕ್ಕಿಕೊಳ್ಳಲಾರದು. ಈದ ಹೆಣ್ಣಿಗೆ ಹಿಂಭಾಗದ ಗಾಯ, ಹುಟ್ಟಿದ ಮರಿಗೆ ಹೊಕ್ಕುಳು. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಈ ನೊಣ ಇದ್ದ ಕಾಲದಲ್ಲಿ ಬಿಳಿಬಾಲದ ಜಿಂಕೆಯ ಮರಿಗಳು ಹೊಕ್ಕುಳಿನ ಹುಳುವಿನಿಂದಲೇ ದೊಡ್ಡ ಪ್ರಮಾಣದಲ್ಲಿ ಸಾಯುತ್ತಿದ್ದವು. ನೊಣ ಹೋದ ಮೇಲೆ ಟೆಕ್ಸಸ್‌ನಲ್ಲಿ ಜಿಂಕೆಗಳ ಸಂಖ್ಯೆ ಏರಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ.

ಕೀ ಜಿಂಕೆ ಬಿಳಿಬಾಲದ ಜಿಂಕೆಯ ಅತಿ ಚಿಕ್ಕ ಉಪಜಾತಿ, ಭುಜದ ಎತ್ತರ 60-80 ಸೆಂ.ಮೀ. ಫ್ಲಾರಿಡಾದ ತುದಿಯ ದ್ವೀಪಗಳಲ್ಲಿ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1950ರ ದಶಕದಲ್ಲಿ ಕೆಲವೇ ಡಜನ್‌ಗೆ ಇಳಿದು, 1957ರಲ್ಲಿ ಅಭಯಧಾಮವಾದ ಮೇಲೆ ಚೇತರಿಸಿಕೊಂಡಿತ್ತು. 2016ರ ಬೆದೆಗಾಲದಲ್ಲಿ ಬಿಗ್ ಪೈನ್ ಕೀ ದ್ವೀಪದಲ್ಲಿ ತಲೆಗೆ ಹುಳು ಬಿದ್ದ ಗಂಡುಗಳು ಒಂದರ ಮೇಲೊಂದು ಕಾಣತೊಡಗಿದವು. ಸ್ಕ್ರೂವರ್ಮ್ ಎಂದು ಖಚಿತವಾದದ್ದು ಸೆಪ್ಟೆಂಬರ್ ಕೊನೆಗೆ. ಒಟ್ಟು 135 ಜಿಂಕೆಗಳು ಹೋದವು. ಅವುಗಳಲ್ಲಿ ಹೆಚ್ಚಿನವು ಗಂಡು. ಉಳಿಯುವ ಆಸೆ ಇಲ್ಲದವನ್ನು ನೋವಿನಿಂದ ಬಿಡಿಸಲು ಕೊಲ್ಲಬೇಕಾಯಿತು.

ಅಲ್ಲಿ ಗೆದ್ದದ್ದು ಹೇಗೆ ಎನ್ನುವುದೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ. ಡೋರಾಮೆಕ್ಟಿನ್ ಔಷಧಿಯನ್ನು ಬ್ರೆಡ್ ತುಂಡಿನಲ್ಲಿಟ್ಟು ಜಿಂಕೆಗಳಿಗೆ ತಿನ್ನಿಸಿದರು. ಆ ಜಿಂಕೆಗಳು ಮನುಷ್ಯರಿಗೆ ಒಗ್ಗಿಕೊಂಡಿದ್ದವು, ಕೈಯಿಂದ ತಿನ್ನುತ್ತಿದ್ದವು. ಯಾವುದಕ್ಕೆ ಕೊಟ್ಟಾಗಿದೆ ಎಂದು ತಿಳಿಯಲು ಮೈಗೆ ಬಣ್ಣದ ಗುರುತು ಹಾಕಿದರು. ದ್ವೀಪದಿಂದ ಹೊರಹೋಗುವ ಸಾಕುಪ್ರಾಣಿಗಳನ್ನು ರಸ್ತೆಯಲ್ಲಿ ನಿಲ್ಲಿಸಿ ಗಾಯ ಇದೆಯೇ ಎಂದು ನೋಡಿದರು. ಇವೆಲ್ಲ ಬದುಕಿದ್ದ ಜಿಂಕೆಗಳನ್ನು ಉಳಿಸಿಕೊಳ್ಳುವ ಕೆಲಸ. ನೊಣವನ್ನು ಮುಗಿಸಿದ್ದು ಬೇರೆ: ಬಂಜೆ ಮಾಡಿದ ನೊಣಗಳ ಬಿಡುಗಡೆ. ಸುಮಾರು 18.8 ಕೋಟಿ ಬಂಜೆ ನೊಣಗಳನ್ನು ಬಿಟ್ಟರು. 2017ರ ಮಾರ್ಚ್‌ನಲ್ಲಿ ನೊಣ ಪೂರ್ತಿ ಹೋಯಿತೆಂದು ಘೋಷಿಸಿದರು. ಹೆಣ್ಣುಗಳು ಈಯುವ ಕಾಲ ಬರುವ ಮೊದಲು ಇದು ಮುಗಿದದ್ದು ಆ ಉಪಜಾತಿಯ ಪುಣ್ಯ.

ಬಂಜೆ ನೊಣ ಬಿಡುವ ಈ ಉಪಾಯ ಅಮೆರಿಕದ ಕೀಟತಜ್ಞರಾದ ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್ ಅವರದು. ಹೆಣ್ಣು ಸ್ಕ್ರೂವರ್ಮ್ ನೊಣ ಸಾಮಾನ್ಯವಾಗಿ ಬದುಕಿನಲ್ಲಿ ಒಮ್ಮೆ ಮಾತ್ರ ಕೂಡುತ್ತದೆ. ಕೋಶದ ಹಂತದಲ್ಲಿ ವಿಕಿರಣ ಹಾಯಿಸಿದರೆ ನೊಣ ಬದುಕುತ್ತದೆ, ಹಾರುತ್ತದೆ, ಕೂಡುತ್ತದೆ, ಆದರೆ ಅದರಿಂದ ಮರಿಯಾಗದು. ಬಂಜೆ ಗಂಡಿನ ಜತೆ ಕೂಡಿದ ಹೆಣ್ಣಿನ ಮೊಟ್ಟೆಗಳೆಲ್ಲ ವ್ಯರ್ಥ. ಲೆಕ್ಕವನ್ನು ಕೈಯಲ್ಲೇ ಹಾಕಿ ನೋಡಬಹುದು. ಒಂದು ಪ್ರದೇಶದಲ್ಲಿ 10 ಲಕ್ಷ ಕಾಡು ಗಂಡು, ಅಷ್ಟೇ ಹೆಣ್ಣು ಇವೆ ಎಂದುಕೊಳ್ಳಿ. ಪ್ರತಿ ತಲೆಮಾರಿಗೂ ಸಂಖ್ಯೆ ಐದು ಪಟ್ಟಾಗುತ್ತದೆ ಎಂದುಕೊಳ್ಳಿ. ಪ್ರತಿ ತಲೆಮಾರಿಗೆ 90 ಲಕ್ಷ ಬಂಜೆ ಗಂಡು ಬಿಟ್ಟರೆ, ಮೊದಲ ಸಲ ಹತ್ತರಲ್ಲಿ ಒಂದು ಹೆಣ್ಣಿಗೆ ಮಾತ್ರ ಫಲವತ್ತಾದ ಗಂಡು ಸಿಗುತ್ತದೆ. ಒಂದು ಲಕ್ಷ ಹೆಣ್ಣು, ಐದು ಪಟ್ಟಾದರೂ ಮುಂದಿನ ತಲೆಮಾರಿಗೆ ಐದು ಲಕ್ಷ. ಈಗ ಅದೇ 90 ಲಕ್ಷ ಬಿಟ್ಟರೆ ಹತ್ತೊಂಬತ್ತರಲ್ಲಿ ಒಂದು, ಹಾಗಾಗಿ ಸುಮಾರು 1,31,600. ಅದರ ಮುಂದೆ ಸುಮಾರು 9,500. ಅದರ ಮುಂದೆ 50. ಅದರ ಮುಂದೆ ಏನೂ ಉಳಿಯದು. ಕೀಟನಾಶಕ ನೊಣ ಕಡಿಮೆಯಾದಂತೆ ದುರ್ಬಲವಾಗುತ್ತದೆ, ಕೊನೆಯ ನೂರು ನೊಣಗಳನ್ನು ಹುಡುಕಿ ಕೊಲ್ಲಲಾಗದು. ಈ ವಿಧಾನ ನೊಣ ಕಡಿಮೆಯಾದಂತೆ ಬಲವಾಗುತ್ತದೆ. 1954ರಲ್ಲಿ ಕೆರಿಬಿಯನ್ ಸಮುದ್ರದ ಕುರಸಾವ್ ದ್ವೀಪದಲ್ಲಿ ಇದನ್ನು ಮೊದಲು ಪೂರ್ತಿಯಾಗಿ ಸಾಧಿಸಿ ತೋರಿಸಿದರು. ಆಮೇಲೆ ಅಮೆರಿಕ, ಮೆಕ್ಸಿಕೊ, ಮಧ್ಯ ಅಮೆರಿಕದ ಉದ್ದಕ್ಕೂ ನೊಣವನ್ನು ತಳ್ಳುತ್ತ ಪನಾಮದವರೆಗೆ ಹೋಗಿ, ಅಲ್ಲಿ ಬಂಜೆ ನೊಣಗಳನ್ನು ಬಿಡುತ್ತಲೇ ಇದ್ದು ಅದಕ್ಕೊಂದು ತಡೆ ಕಟ್ಟಿದರು. 2023ರಿಂದ ಆ ತಡೆ ಸಡಿಲಗೊಂಡು ನೊಣ ಮತ್ತೆ ಉತ್ತರಕ್ಕೆ ಹರಡಿ, 2024ರ ನವೆಂಬರ್‌ನಲ್ಲಿ ಮೆಕ್ಸಿಕೊದಲ್ಲಿ ಕಾಣಿಸಿಕೊಂಡಿತು. ಆದ್ದರಿಂದ ಇದನ್ನು ಮುಗಿದ ಕಥೆ ಎಂದು ಯಾರೂ ತಿಳಿಯಬಾರದು.

ಔಷಧಿ ಕೊಡಬೇಕೇ?

ಬಾಟ್, ವಾರ್ಬಲ್, ಕೆಡ್ ಇವುಗಳಿಗೆ ಕಾಡು ಜಿಂಕೆಗಳಲ್ಲಿ ಔಷಧಿ ಹಾಕಬಾರದು ಎಂಬುದೇ ನಮ್ಮ ಸ್ಪಷ್ಟ ಅಭಿಪ್ರಾಯ. ಐವರ್‌ಮೆಕ್ಟಿನ್ ಎಂಬ ಹುಳುನಾಶಕ ಔಷಧಿ ಕೆಲಸ ಮಾಡುವುದಿಲ್ಲ ಎಂದಲ್ಲ. ಸಾಕಿದ ಹಿಮಸಾರಂಗಗಳಿಗೆ ಚಳಿಗಾಲದ ಆರಂಭದಲ್ಲಿ ಕಿಲೋಗ್ರಾಂ ತೂಕಕ್ಕೆ 0.2 ಮಿ.ಗ್ರಾಂ. ಲೆಕ್ಕದಲ್ಲಿ ಚರ್ಮದಡಿ ಚುಚ್ಚಿದರೆ, ಇನ್ನೂ ಎಳೆಯದಾಗಿರುವ ಬಾಟ್, ವಾರ್ಬಲ್ ಹುಳುಗಳೆರಡೂ ಸಾಯುತ್ತವೆ. ಆದರೆ ಅಲ್ಲಿ ಪ್ರತಿ ಪ್ರಾಣಿಯನ್ನೂ ಹಿಡಿದು, ತೂಗಿ, ಅಳೆದು ಕೊಡಲು ಆಗುತ್ತದೆ. ಕಾಡಿನಲ್ಲಿ ಮೇವಿಗೋ ಉಪ್ಪಿನ ಗಡ್ಡೆಗೋ ಬೆರೆಸಿಟ್ಟರೆ ಬಲಶಾಲಿ ಗಂಡು ಹತ್ತು ಪಾಲು ತಿನ್ನುತ್ತದೆ, ಔಷಧಿ ಬೇಕಾದ ಸೊರಗಿದ ಮರಿಗೆ ಏನೂ ಸಿಗುವುದಿಲ್ಲ. ಅರೆಬರೆ ಪ್ರಮಾಣ ಸಿಕ್ಕವುಗಳಲ್ಲಿ ಔಷಧಿಗೆ ಬಗ್ಗದ ಪರಾವಲಂಬಿಗಳು ಉಳಿದು ಬೆಳೆಯುತ್ತವೆ. ಔಷಧಿ ಹಿಕ್ಕೆಯಲ್ಲಿ ಹೊರಬಂದು ಸಗಣಿ ಜೀರುಂಡೆಗಳ ಮರಿಗಳನ್ನು ಕೊಲ್ಲುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಒಂದೇ ಕಡೆ ಮೇವಿಟ್ಟರೆ ಮೂತಿಗೆ ಮೂತಿ ತಾಗಿಸಿ ತಿನ್ನುವ ಜಿಂಕೆಗಳ ನಡುವೆ ಕ್ಷಯ, ಕ್ರಾನಿಕ್ ವೇಸ್ಟಿಂಗ್ ಡಿಸೀಸ್‌ನಂಥ ರೋಗಗಳು ಹರಡುತ್ತವೆ. ಹೆಚ್ಚಾಗಿ ಕೊಲ್ಲದ ಹುಳುವನ್ನು ಓಡಿಸಲು ಹೋಗಿ ಕೊಲ್ಲುವ ರೋಗ ತಂದುಕೊಂಡಂತೆ. ಇಷ್ಟೆಲ್ಲ ಮಾಡಿದರೂ ಮಣ್ಣಿನಲ್ಲಿ ಉಳಿದ ಕೋಶಗಳಿಂದ, ದೂರದಿಂದ ಹಾರಿಬರುವ ನೊಣಗಳಿಂದ ಮುಂದಿನ ಬೇಸಗೆಗೆ ಹಿಂಡಿಗೆ ಮತ್ತೆ ಅಂಟಿರುತ್ತದೆ.

ಜಿಂಕೆಯನ್ನು ಹಿಡಿಯುವುದೇ ಒಂದು ಅಪಾಯ. ಬೆನ್ನಟ್ಟಿ ಹಿಡಿದ ಜಿಂಕೆಯ ಸ್ನಾಯುಗಳು ದಣಿವಿನಿಂದ ಒಡೆದು, ಬಿಟ್ಟ ಎಷ್ಟೋ ಗಂಟೆ, ಕೆಲವು ಸಲ ದಿನಗಳ ಮೇಲೆ ಅದು ಸಾಯುತ್ತದೆ. ಹುಳು ತೆಗೆದ ತೃಪ್ತಿಯಲ್ಲಿ ಮನೆಗೆ ಹೋದವರಿಗೆ ಆ ಸಾವು ಗೊತ್ತಾಗುವುದೇ ಇಲ್ಲ. ಸ್ಕ್ರೂವರ್ಮ್ ಆಗಿದ್ದರೆ ಮಾತ್ರ ಈ ಅಪಾಯವನ್ನು ತೂಗಿ ನೋಡಿ ಹಿಡಿಯಬೇಕಾಗುತ್ತದೆ. ಆಗಲೂ ವನ್ಯಜೀವಿ ಪಶುವೈದ್ಯರೇ ಅರಿವಳಿಕೆ ಕೊಟ್ಟು, ಗಾಯದ ತಳದವರೆಗೂ ಹುಳು ತೆಗೆದು, ಡೋರಾಮೆಕ್ಟಿನ್ ಚುಚ್ಚಬೇಕು. ತೆಗೆದ ಹುಳುಗಳಲ್ಲಿ ಒಂದನ್ನೂ ನೆಲಕ್ಕೆ ಬೀಳಲು ಬಿಡಬಾರದು, ಬಿದ್ದದ್ದು ಕೋಶವಾಗುತ್ತದೆ.

ಮಾದರಿ ತೆಗೆಯುವುದು

ಗಾಯದ ಹುಳುವಾದರೆ ಮೇಲಿನವನ್ನಲ್ಲ, ಅತ್ಯಂತ ಆಳದಲ್ಲಿರುವವನ್ನು ಚಿಮಟದಿಂದ ತೆಗೆಯಿರಿ. ಮೇಲ್ಭಾಗದಲ್ಲಿ ಬೇರೆ ನೊಣದ ಹುಳುಗಳು ಬೆರೆತಿರುತ್ತವೆ. ಬೇರೆ ಬೇರೆ ಗಾತ್ರದ ಹತ್ತು ಹುಳು ಸಾಕು. ಅವನ್ನು ಕುದಿಯುವ ಹಂತದ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ಆಮೇಲೆ 70-80% ಆಲ್ಕೋಹಾಲ್‌ಗೆ ಹಾಕಿ. ನೇರವಾಗಿ ಆಲ್ಕೋಹಾಲ್‌ಗೆ ಹಾಕಿದರೆ ಮೈ ಕುಗ್ಗಿ ಕಪ್ಪಾಗಿ, ಗುರುತು ಹಿಡಿಯಬೇಕಾದ ಉಸಿರು ಫಲಕಗಳು ಕಾಣದಂತಾಗುತ್ತವೆ. ಫಾರ್ಮಾಲಿನ್ ಬೇಡ, ಅದು ಹುಳುವನ್ನು ಗಡಸು ಮಾಡುತ್ತದೆ, ಡಿಎನ್‌ಎ ಪರೀಕ್ಷೆಗೂ ಅಡ್ಡಿ. ಬಾಟಲಿಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ: ದಿನಾಂಕ, ಸ್ಥಳ, ಜಿಂಕೆಯ ಜಾತಿ, ಲಿಂಗ, ವಯಸ್ಸಿನ ಅಂದಾಜು, ಹುಳು ಇದ್ದ ಭಾಗ. ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗಿಹೋಗುತ್ತದೆ.

ಬಾಟ್ ನೋಡುವುದಾದರೆ ಜಿಂಕೆ ಸತ್ತ ಬೇಗನೇ ನೋಡಬೇಕು. ದೇಹ ತಣ್ಣಗಾಗುತ್ತಿದ್ದಂತೆ ಬಲಿತ ಹುಳುಗಳು ಗಂಟಲು ಬಿಟ್ಟು ಬಾಯಿ, ಮೂಗಿನ ಕಡೆ ಸರಿದು ಹೊರಬೀಳುತ್ತವೆ. ತಡವಾಗಿ ನೋಡಿದವರಿಗೆ ಖಾಲಿ ಗಂಟಲು ಸಿಗುತ್ತದೆ. ಕೂಡಲೇ ಸೀಳಲಾಗದಿದ್ದರೆ ತಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ, ಹೊರಬಿದ್ದದ್ದೂ ಚೀಲದಲ್ಲೇ ಉಳಿಯುತ್ತದೆ. ತಲೆಯನ್ನು ಮೂಗಿನಿಂದ ಹಿಂದಕ್ಕೆ ಉದ್ದಕ್ಕೆ ಎರಡು ಹೋಳು ಮಾಡಿ, ಗಂಟಲಿನ ಹಿಂಬದಿಯ ಚೀಲಗಳನ್ನು ಬಿಡಿಸಿ ನೋಡಿ. ಆಮೇಲೆ ಮೂಗಿನ ಒಳಸುರುಳಿಗಳಿಗೆ ನೀರು ಹಾಯಿಸಿ, ಆ ನೀರನ್ನು ತೆಳುವಾದ ಜರಡಿಯಲ್ಲಿ ಸೋಸಿ, ಕಪ್ಪು ತಟ್ಟೆಯ ಮೇಲೆ ಭೂತಗನ್ನಡಿ ಹಿಡಿದು ಹುಡುಕಿ. ಚಳಿಗಾಲದಲ್ಲಿ ಈ ಕೊನೆಯ ಕೆಲಸ ಬಿಟ್ಟರೆ, ತುಂಬಿ ತುಳುಕುವ ಹಿಂಡನ್ನೂ ಹುಳುವಿಲ್ಲದ್ದು ಎಂದು ಬರೆದಿಡುತ್ತೀರಿ. ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಇರುವ ಪ್ರದೇಶದಲ್ಲಿ ತಲೆ ಸೀಳುವ ಕೆಲಸ ಪ್ರಯೋಗಾಲಯದವರಿಗೇ ಬಿಡಿ.

ಎಷ್ಟು ತಲೆ ನೋಡಿದರೆ ಸಾಕು ಎನ್ನುವವರಿಗೆ: 30 ನೋಡಿ ಒಂದರಲ್ಲೂ ಸಿಗದಿದ್ದರೂ, ಹಿಂಡಿನ ಹತ್ತರಲ್ಲೊಂದು ಪಾಲಿನಲ್ಲಿ ಇರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಮೂರನ್ನು ನೋಡಿದ ಸಂಖ್ಯೆಯಿಂದ ಭಾಗಿಸಿದರೆ ಬರುವುದೇ ಆ ಮೇಲ್ಮಿತಿ. 300 ನೋಡಿ ಸಿಗದಿದ್ದರೆ ಶೇಕಡ 1. ಸರಾಸರಿ ಮಾತ್ರ ಬರೆಯಬೇಡಿ. ಪರಾವಲಂಬಿಗಳು ಹಿಂಡಿನಲ್ಲಿ ಸಮನಾಗಿ ಹಂಚಿರುವುದಿಲ್ಲ, ಕೆಲವೇ ಜಿಂಕೆಗಳಲ್ಲಿ ಬಹುಪಾಲು ಹುಳು ಇರುತ್ತದೆ. ಪ್ರತಿ ತಲೆಯ ಎಣಿಕೆಯನ್ನೂ ಬೇರೆಬೇರೆಯಾಗಿ ಬರೆದರೆ ಮಾತ್ರ ಅದು ಮುಂದೆ ಉಪಯೋಗಕ್ಕೆ ಬರುತ್ತದೆ.

ಮಾಂಸ, ಮನುಷ್ಯ

ಜಿಂಕೆ ಬೇಟೆಗೆ ಕಾನೂನಿನ ಅನುಮತಿ ಇರುವ ದೇಶಗಳ ಮಟ್ಟಿಗೆ ಹೇಳುವುದಾದರೆ, ಬಾಟ್ ಹುಳು ಮಾಂಸಕ್ಕೆ ಇಳಿಯುವುದಿಲ್ಲ. ತಲೆಯನ್ನು ಬಿಟ್ಟರೆ ಮಿಕ್ಕ ಮಾಂಸಕ್ಕೆ ತೊಂದರೆ ಇಲ್ಲ. ವಾರ್ಬಲ್ ಇದ್ದರೆ ಬೆನ್ನಿನ ಮೇಲಿನ ಲೋಳೆ, ಹಸಿರು ಬಣ್ಣ ತಿರುಗಿದ ಭಾಗವನ್ನು ಕೊಯ್ದು ತೆಗೆದರಾಯಿತು. ಸೊರಗಿದ, ಜ್ವರದ ಲಕ್ಷಣವಿದ್ದ, ಗಾಯ ಕೊಳೆತ ಪ್ರಾಣಿಯನ್ನು ಹುಳು ಯಾವುದೇ ಇರಲಿ ತಿನ್ನಬಾರದು. ಔಷಧಿ ಕೊಟ್ಟ ಜಿಂಕೆಯ ಮಾಂಸದಲ್ಲಿ ಅದರ ಅಂಶ ವಾರಗಟ್ಟಲೆ ಉಳಿಯುತ್ತದೆ. ಕಾಡಿನಲ್ಲಿ ಔಷಧಿ ಬೇಡ ಎನ್ನಲು ಇದೂ ಒಂದು ಕಾರಣ.

ಸತ್ತ ಜಿಂಕೆಯ ಗಂಟಲಿನಿಂದ ಉದುರಿದ ಬಲಿತ ಹುಳು ನಿಮ್ಮ ಕೈ ಕೊರೆದು ಒಳಹೋಗದು, ಅದು ಹುಡುಕುತ್ತಿರುವುದು ಮಣ್ಣನ್ನು. ಸ್ಕ್ರೂವರ್ಮ್ ಮಾತ್ರ ಮನುಷ್ಯರ ಗಾಯಕ್ಕೂ ಬೀಳುತ್ತದೆ. ಆ ನೊಣ ಇರುವ ಕಡೆ ತರಚಿದ ಗಾಯವನ್ನೂ ಮುಚ್ಚಿಟ್ಟುಕೊಂಡೇ ಕೆಲಸ ಮಾಡಬೇಕು. ಇನ್ನೊಂದು ಅಪರೂಪದ ದಾರಿಯೂ ಇದೆ. ಹೈಪೋಡರ್ಮಾ ಟರಾಂಡಿ ಉತ್ತರ ಧ್ರುವದ ಕಡೆ ಮನುಷ್ಯರ, ಅದರಲ್ಲೂ ಮಕ್ಕಳ ತಲೆಗೂದಲಿಗೆ ಮೊಟ್ಟೆ ಅಂಟಿಸಿ, ಮರಿ ಕಣ್ಣಿನೊಳಗೆ ಹೋದ ಪ್ರಕರಣಗಳಿವೆ. ಬಾಟ್ ನೊಣಗಳೂ ಕೆಲವು ಸಲ ಹಾರುತ್ತ ಮನುಷ್ಯರ ಕಣ್ಣಿಗೆ ಮರಿ ಚಿಮುಕಿಸುತ್ತವೆ. ನೊಣವೊಂದು ಕಣ್ಣಿಗೆ ತಾಗಿ ಹೋದಂತಾಗಿ, ಕೆಲವೇ ಹೊತ್ತಿನಲ್ಲಿ ಮರಳು ಬಿದ್ದಂತೆ ಚುಚ್ಚಿ ನೀರು ಸುರಿಯತೊಡಗಿದರೆ ಉಜ್ಜಬೇಡಿ. ಮರಿಯ ಬಾಯಿಕೊಕ್ಕೆ ಪೊರೆಯನ್ನು ಹಿಡಿದಿರುತ್ತದೆ, ಬರಿಯ ನೀರಿಗೆ ಸುಲಭವಾಗಿ ಬಿಡುವುದಿಲ್ಲ. ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ, ಜಿಂಕೆಗಳಿರುವ ಕಡೆ ಇದ್ದೆ, ನೊಣ ಕಣ್ಣಿಗೆ ತಾಗಿತು ಎಂದು ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಸಾಮಾನ್ಯ ಕಣ್ಣು ಬೇನೆಯೆಂದು ಹನಿ ಔಷಧಿ ಕೊಟ್ಟು ಕಳಿಸುವುದೇ ಹೆಚ್ಚು. ಹೇಳಿದರೆ ಕಣ್ಣಿಗೆ ಮರಗಟ್ಟಿಸುವ ಹನಿ ಹಾಕಿ, ಸೂಕ್ಷ್ಮದರ್ಶಕದಡಿ ನೋಡುತ್ತ, ಮರಿಗಳನ್ನು ಒಂದೊಂದಾಗಿ ಚಿಮಟದಿಂದ ತೆಗೆಯುತ್ತಾರೆ.